ಮುತ್ತುವಿನ ಲಾಳ

ಮುಳಬಾಗಿಲು
ಭಾನುವಾರ, 9 ಫೆಬ್ರವರಿ 2025

ನನ್ನ ಬಂಗಾರ ಮೌನಿಗೆ,

ನಿನ್ನ ತಾತ ಕೋದಂಡರಾಮಪ್ಪ ಪಕ್ಕದಲ್ಲೇ ಕೂತು ತಲೆ ನೇವರಿಸಿ ಹರಸುತ್ತಿದ್ದಾನೆ ಎಂದು ತಿಳಿದುಕೋ. ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಕುದುರೆಗೆ ಹುರುಳಿ ಬೇಯಿಸಿ ಹಾಕಿ ನೀನು ಬನ್ನು ತಿಂದು ಮಲಗುತ್ತೀಯಾ? ಮಾಲೂರಿನ ಕಡೆ ನೀಲಗಿರಿ ತೋಪುಗಳ ಪಕ್ಕ ಬೆಳಗಿನ ಚಳಿ ಇನ್ನೂ ಬಿಟ್ಟಿಲ್ಲವಂತೆ. ಸವಾರಿಗೆ ಹೋಗುವಾಗ ಕಿವಿಗೆ ಬಟ್ಟೆ ಸುತ್ತಿಕೋ. ಕಸ್ತೂರಿ ಹೇಗಿದ್ದಾಳೆ? ತಾತ ಕೇಳಿದ ಎಂದು ಅವಳ ಕಿವಿಯಲ್ಲಿ ಹೇಳು. ಕುದುರೆಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ ಎನ್ನುವವರು ಕುದುರೆ ಸಾಕಿದವರಲ್ಲ. ಇಲ್ಲಿ ಅಜ್ಜಿ ಚೆನ್ನಾಗಿದ್ದಾಳೆ. ಮೊಣಕಾಲು ನೋವು ಅವಳದು ಹಾಗೇ ಇದೆ, ನನ್ನದು ಸ್ವಲ್ಪ ಹೆಚ್ಚಾಗಿದೆ. ಅದರಲ್ಲೂ ಅವಳು ನನ್ನ ಜೊತೆ ಪೈಪೋಟಿಗೆ ಬರುತ್ತಾಳೆ.

ನಾಲ್ಕು ವಾರದಿಂದ ನೀನು ನನ್ನ ಫೋನು ಎತ್ತಿಲ್ಲ. ಅಜ್ಜಿಯ ಫೋನಿನಿಂದ ಮಾಡಿದರೆ ಎತ್ತುತ್ತೀಯ, ನನ್ನ ಧ್ವನಿ ಕೇಳಿದ ಕೂಡಲೇ "ಲಾಯದಲ್ಲಿ ಕೆಲಸ ಇದೆ ತಾತಾ" ಎಂದು ಇಟ್ಟುಬಿಡುತ್ತೀಯ. ತಪ್ಪೆಂದು ನಾನು ಹೇಳುವುದಿಲ್ಲ. ಬಸ್ಸು ಹತ್ತಿ ಬಂದುಬಿಡೋಣ ಎಂದುಕೊಂಡೆ. ಕೋಲಾರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ಅರ್ಧ ದಿನದ ದಾರಿ. ಆದರೆ ನಿನ್ನ ಎದುರು ನಿಂತರೆ ನನ್ನ ಹಾಳು ಬಾಯಿ ಏನಾದರೊಂದು ಕಥೆ ಶುರು ಮಾಡುತ್ತದೆ, ನೀನು ನಕ್ಕುಬಿಡುತ್ತೀಯ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಕಾಗದದ ಮುಂದೆ ಕೂತರೆ ನಗಿಸಲು ಎದುರಿಗೆ ಯಾರೂ ಇರುವುದಿಲ್ಲ. ಅದಕ್ಕೇ ನಿನ್ನ ಚಿಕ್ಕಪ್ಪ ನರೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಜೊತೆಗೆ ಅಜ್ಜಿ ಮಾಡಿದ ಎಳ್ಳುಂಡೆ ಇದೆ. ಒಂದು ಬಟ್ಟೆ ಗಂಟೂ ಇದೆ. ಉಂಡೆ ಈಗಲೇ ತಿನ್ನು, ಗಂಟನ್ನು ಮಾತ್ರ ಕಾಗದ ಪೂರ್ತಿ ಓದಿದ ಮೇಲೆ ಬಿಚ್ಚು.

ನಿನ್ನ ಕುದುರೆ ಸ್ಪರ್ಧೆಯ ದಿನ ನಮ್ಮ ಮನೆಯಲ್ಲಿ ಏನಾಯಿತು ಎಂಬುದು ನಿನಗೆ ಪೂರ್ತಿ ಗೊತ್ತಿಲ್ಲ. ನರೇಶ ಸಂಕ್ರಾಂತಿಗೆ ಮುಂಚೆ ಒಂದು ಕಡ್ಡಿ ತಂದು ಟಿ.ವಿ. ಹಿಂದೆ ಚುಚ್ಚಿ ಹೋಗಿದ್ದ. ಲೋಕದಲ್ಲಿರುವ ಸೀರಿಯಲ್ಲು, ಆಟ, ಸಿನಿಮಾ ಎಲ್ಲ ಅದರೊಳಗೆ ಬರುತ್ತದೆ ಅಂದ. ಅದು ಮೊದಲು ನರಸಾಪುರದ ಫ್ಯಾಕ್ಟರಿಯಲ್ಲಿ ಅವನ ಜೊತೆ ರೂಮಿನಲ್ಲಿದ್ದ ಬಂಗಾಳದ ಹುಡುಗನದಂತೆ. ಹುಡುಗ ಊರಿಗೆ ಹೋದ, ಅವನ ಭಾಷೆ ಕಡ್ಡಿಯಲ್ಲೇ ಉಳಿದುಕೊಂಡಿತು. ಅಜ್ಜಿ ದಿನಾ ನೋಡುವ ಸೀರಿಯಲ್ಲಿನ ಅತ್ತೆ ಇದ್ದಕ್ಕಿದ್ದಂತೆ ಬಂಗಾಳಿಯಲ್ಲಿ ಬೈಯತೊಡಗಿದಳು. ಬಾಯಿ ಒಂದು ಕಡೆ ಆಡುತ್ತದೆ, ಮಾತು ಇನ್ನೊಂದು ಕಡೆ ಬರುತ್ತದೆ. ನಾನು ರಿಮೋಟಿನ ಎಲ್ಲ ಗುಂಡಿ ಒತ್ತಿದೆ, ಸದ್ದು ಏರಿತು, ಇಳಿಯಿತು, ಭಾಷೆ ಕದಲಲಿಲ್ಲ. "ಬಿಡಿ ಅತ್ಲಾಗೆ. ಅತ್ತೆ ಬೈಯೋದು ಯಾವ ಭಾಷೇಲಿದ್ರೂ ಅರ್ಥ ಆಗುತ್ತೆ," ಎಂದಳು ನಿನ್ನ ಅಜ್ಜಿ. ಅದನ್ನು ಕೇಳಿ ನಾನು ಗೆಲುವಾಗಿ ನಕ್ಕೆ.

ಸ್ಪರ್ಧೆಯ ದಿನ ಬೀದಿಗೆ ಬೀದಿಯನ್ನೇ ಕರೆದಿದ್ದೆ. ಪಕ್ಕದ ಮನೆಯ ಶಾಮಲಮ್ಮ ಮಕ್ಕಳು ಸೊಸೆಯರ ಸಮೇತ ಬಂದಳು. ಲಾಳ ಕಟ್ಟುತ್ತಿದ್ದ ನಮ್ಮ ಅಕ್ರಂ ಬಂದ. ಒಂದು ಮೊರ ಕಡ್ಲೆಪುರಿ ಖಾಲಿಯಾಯಿತು. ಅದಕ್ಕೆ ಹದಿನೈದು ದಿನ ಮುಂಚಿನಿಂದಲೇ ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ: ಕುದುರೆಗೆ ಮೂರು ಪರೀಕ್ಷೆ, ಮೊದಲನೆಯದು ಬಯಲಿನಲ್ಲಿ ಮದುಮಗಳ ಹಾಗೆ ಒನಪಿನಿಂದ ಹೆಜ್ಜೆ ಹಾಕುವುದು, ಎರಡನೆಯದು ಹೊಲ ತೋಟಗಳ ನಡುವೆ ದಿಮ್ಮಿ, ಹಳ್ಳ, ನೀರು ದಾಟುವುದು, ಮೂರನೆಯದು ಬಣ್ಣದ ಗಳುಗಳನ್ನು ಬೀಳಿಸದೆ ಹಾರುವುದು. ಇದರಲ್ಲಿ ಶಾಲೆಯ ಕ್ಲಾಸುಗಳ ಹಾಗೆ ಹಂತಗಳಿವೆ, ನಮ್ಮ ಮೌನಿ ಹೋದ ವರ್ಷವೇ ಎದೆಯೆತ್ತರ ಹಾರಿಸುವ ಹಂತಕ್ಕೆ ಏರಿದ್ದಾಳೆ, ನೋಡುತ್ತಿರಿ. ಹೊರಡುವ ಹಿಂದಿನ ದಿನ ನೀನು ಫೋನಿನಲ್ಲಿ "ತಾತಾ, ಈ ಸಲ ಒಂದು ವಿಷಯ" ಎಂದು ಶುರು ಮಾಡಿದೆ. ನಾನು ಬಿಡಲಿಲ್ಲ. "ಟಿ.ವಿ.ಯಲ್ಲೇ ನೋಡ್ತೀನಿ ಬಿಡೇ, ಬೀದಿಗೆಲ್ಲ ಹೇಳಿದೀನಿ" ಅಂದೆ.

ಕಾಮೆಂಟ್ರಿಯೂ ಬಂಗಾಳಿಯಲ್ಲೇ ಬಂತು. ಒಬ್ಬ ಗಂಡಸು, ಒಬ್ಬಳು ಹೆಂಗಸು ಏನೇನೋ ಹೇಳುತ್ತಿದ್ದರು. ಕೆಳಗೆ ಬರುವ ಅಕ್ಷರವೂ ಅದೇ. ನರೇಶನಿಗೆ ಫೋನು ಮಾಡಿ ಕೇಳೋಣ ಎಂದಳು ಶಾಮಲಮ್ಮ. ನನಗೆ ಎಲ್ಲಿಲ್ಲದ ಹುಮ್ಮಸ್ಸು. "ಕುದುರೆ ವಿಷಯ ನನಗೆ ಇನ್ನೊಬ್ಬರು ಹೇಳಬೇಕಾ? ಸದ್ದು ತೆಗೀರಿ, ನಾನು ಹೇಳ್ತೀನಿ" ಎಂದು ಕಾಮೆಂಟ್ರಿಗೆ ನಾನೇ ಕೂತೆ. ನಿನಗೆ ಗೊತ್ತಲ್ಲ, ನನ್ನ ಮುಂದೆ ಹತ್ತು ಜನ ಕೂತರೆ ನಾನು ನಾನಾಗಿರುವುದಿಲ್ಲ. ನೀನು ಬಂದೆ. ಕಸ್ತೂರಿ ದಿಮ್ಮಿ ಹಾರಿದಳು. ದಿಮ್ಮಿ ಸೊಂಟದೆತ್ತರವೂ ಇರಲಿಲ್ಲ. ನಿನಗಿಂತ ಮುಂಚೆ ಎರಡು ಜಡೆಯ ಚಿಕ್ಕ ಹುಡುಗಿ ಅದೇ ದಿಮ್ಮಿ ಹಾರಿಸಿ ಹೋಗಿದ್ದಳು. ಹಳ್ಳದ ಹತ್ತಿರ ಬಂದಾಗ ನೀನು ಓಟ ನಿಧಾನಿಸಿದೆ, ಕಸ್ತೂರಿ ಕತ್ತು ಚಾಚಿ ನೋಡಿದಳು, ನೀನು ಲಗಾಮು ಸಡಿಲಿಸಿ ಕೂತೆ, ಆಮೇಲೆ ಹಳ್ಳ ದಾಟಿದಿರಿ. ಅಕ್ರಂ ಮುಂದಕ್ಕೆ ಬಾಗಿ, "ದೇಖ್ ಭಾಯ್, ಹುಡುಗಿ ಕುದುರೇನ ಕೇಳಿಕೊಂಡು ಹೋಗ್ತಾ ಅವ್ಳೆ" ಅಂದ. ಅಷ್ಟರಲ್ಲಿ ಶಾಮಲಮ್ಮ, "ಏನ್ ತಾತಾ, ಮೊಮ್ಮಗಳು ಹಾರಿಸ್ತಾಳೆ ಅಂದ್ರೆ ಆವಣಿ ಬೆಟ್ಟ ಹಾರಿಸ್ತಾಳೆ ಅಂದ್ಕೊಂಡ್ವಿ. ಇಷ್ಟನ್ನ ನಮ್ಮನೆ ಮೇಕೆ ಹಾರುತ್ತೆ!" ಅಂದಳು. ಎಲ್ಲರೂ ನಕ್ಕರು. ಅವಳು ಕೆಟ್ಟವಳಲ್ಲ, ಅವಳ ಬಾಯಿ ಇರುವುದೇ ಹಾಗೆ. ನನಗೆ ಮಾತ್ರ ಮುಖ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ನಾನೂ ಅವರ ಜೊತೆ ಸೇರಿ ನಕ್ಕೆ ಮೌನಿ. ಇದನ್ನು ನಿನಗೆ ಯಾರೂ ಹೇಳಿರಲಾರರು.

ಅದೇ ಸಂಜೆ, ಅವರೆಲ್ಲ ಇನ್ನೂ ಜಗುಲಿಯ ಮೇಲಿರುವಾಗಲೇ, ಸ್ಪೀಕರ್ ಹಾಕಿ ನಿನಗೆ ಫೋನು ಮಾಡಿದೆ. ನೀನು ದಣಿದಿದ್ದೆ, ಧ್ವನಿಯಲ್ಲಿ ಖುಷಿ ಇತ್ತು. "ಹನ್ನೊಂದನೇದು ಬಂದೆ ತಾತಾ" ಅಂದೆ. ನಾನು ಅಂದ ಮಾತು ನಿನಗೆ ನೆನಪಿದೆ, ಆದರೂ ಬರೆಯುತ್ತೇನೆ, ಬರೆಯುವ ಶಿಕ್ಷೆ ನನಗಿರಲಿ. "ಹತ್ತನೇ ಕ್ಲಾಸ್ ಪಾಸಾದೋಳು ಹೋಗಿ ಮೂರನೇ ಕ್ಲಾಸಲ್ಲಿ ಕೂತ್ಕೊಂಡು, ಅಲ್ಲೂ ಹನ್ನೊಂದನೇದು ಬಂದ್ಯಾ? ಹೆದರಿಕೆ ಆದ್ರೆ ಕುದುರೆ ಬಿಟ್ಟು ಕತ್ತೆ ಮೇಯ್ಸು." ಜಗುಲಿಯಲ್ಲಿ ಯಾರೋ ಕಿಸಕ್ಕೆಂದರು. ನೀನು "ತಾತಾ, ಅವರು ಹೇಳಿದ್ದು ನೀನು ಕೇಳಿಸ್ಕೊಳ್ಲಿಲ್ವಾ?" ಅಂದೆ. ನನಗೆ ಅರ್ಥವಾಗಲಿಲ್ಲ. ನೀನು ಇಟ್ಟುಬಿಟ್ಟೆ.

ಹೋದ ಭಾನುವಾರ ನರೇಶ ಬಂದ. ಅಜ್ಜಿಯ ಸೀರಿಯಲ್ಲನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟ. ಅದೇನು ಬ್ರಹ್ಮವಿದ್ಯೆಯಲ್ಲ, ಚಿತ್ರ ಓಡುತ್ತಿರುವಾಗ ಒಂದು ಗುಂಡಿ ಒತ್ತಿದರೆ ಭಾಷೆಗಳ ಪಟ್ಟಿ ಬರುತ್ತದೆ, ಅದರ ಕೆಳತುದಿಯಲ್ಲಿ ಕನ್ನಡ ಕೂತಿತ್ತು. ಆಮೇಲೆ ಅವನೇ, "ಅಪ್ಪಾ, ಮೌನಿದೂ ಇದರಲ್ಲಿ ಇನ್ನೂ ಇದೆ, ನೋಡ್ತೀಯಾ?" ಎಂದು ಹಾಕಿದ. ಈ ಸಲ ಬೀದಿಯಿರಲಿಲ್ಲ. ನಾವು ಮೂವರೇ. ನೀನು ಹೊರಡುವ ಗೆರೆ ದಾಟುವ ಮುಂಚೆ ಕಾಮೆಂಟ್ರಿಯ ಆ ಹೆಂಗಸು ಅಚ್ಚ ಕನ್ನಡದಲ್ಲಿ ಹೇಳಿದಳು: ಈ ಸವಾರಳು ಮೇಲಿನ ಹಂತದಲ್ಲಿ ಸ್ಪರ್ಧಿಸಲು ಅರ್ಹಳಾದವಳು, ಕುದುರೆಯ ಬಲ ಮುಂಗಾಲಿನ ನರಕ್ಕೆ ಪೆಟ್ಟಾಗಿ ಆರು ತಿಂಗಳು ಕಟ್ಟಿಹಾಕಿದ್ದರು, ವೈದ್ಯರು ಸರಿಯಾಗಿದೆ ಎಂದು ಬರೆದುಕೊಟ್ಟರೂ ಇವಳೇ ಕೆಳಗಿನ ಹಂತಕ್ಕೆ ಹೆಸರು ಕೊಟ್ಟಿದ್ದಾಳೆ, ಕಾಲು ವಾಸಿಯಾಗಿದೆ, ಕುದುರೆಯ ಧೈರ್ಯ ಇನ್ನೂ ವಾಸಿಯಾಗಿಲ್ಲ ಎನ್ನುತ್ತಾಳೆ. ಆಗ ಆ ಗಂಡಸು ಹೇಳಿದ, "ಇವರ ತಾತ ಮುಳಬಾಗಿಲಿನಲ್ಲಿ ಜಟಕಾ ಓಡಿಸುತ್ತಿದ್ದರಂತೆ. ಕುದುರೆ ನಿಂತರೆ ನಾವು ಇಳಿದು ನಡೆಯಬೇಕು ಅನ್ನೋದನ್ನ ಅವರಿಂದ ಕಲಿತೆ ಅಂತ ಬೆಳಿಗ್ಗೆ ನಮಗೆ ಹೇಳಿದರು."

ಆ ಪೆಟ್ಟಿನ ವಿಷಯ ನನಗೆ ಗೊತ್ತಾದದ್ದು ಆಗಲೇ. ಅಜ್ಜಿ ನನ್ನ ಮುಖ ನೋಡಿದಳು. ನಾನು ಟಿ.ವಿ. ನೋಡಿದೆ. ನೀನು ಹಳ್ಳದ ಹತ್ತಿರ ಲಗಾಮು ಸಡಿಲಿಸಿ ಕೂತಿದ್ದೆ. ಇಷ್ಟು ವರ್ಷ ಕುದುರೆಯ ಬೆನ್ನ ಹಿಂದೆಯೇ ಬದುಕಿದವನು, ಭಾಷೆ ಬರದಿದ್ದರೇನು, ಕಸ್ತೂರಿಯ ಕಿವಿ ನೋಡಿದ್ದರೆ ಸಾಕಿತ್ತು. ನಾನು ಎದುರಿಗೆ ಕೂತ ಜನರ ಮುಖ ನೋಡುತ್ತಿದ್ದೆ.

ನೀನು ಅವರಿಗೆ ಹೇಳಿದ್ದು ನನ್ನ ಜಟಕಾ ಕುದುರೆ ಮುತ್ತುವಿನ ಕಥೆ ಎಂದು ನನಗೆ ಗೊತ್ತಾಯಿತು. ಚಿಕ್ಕವಳಿದ್ದಾಗ ಅದನ್ನು ಎಷ್ಟು ಸಲ ಹೇಳಿಸಿಕೊಂಡಿದ್ದೀಯೋ ಲೆಕ್ಕವಿಲ್ಲ. ತಾಯಲೂರಿನ ಮದುವೆಗೆ ಗಂಡಿನ ಕಡೆಯವರನ್ನು ತುಂಬಿಕೊಂಡು ಹೊರಟದ್ದು, ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದದ್ದು, ಇನ್ನೊಂದು ಜಟಕಾದವರು ನಮ್ಮನ್ನು ಹಿಂದೆ ಹಾಕಲು ಬಂದದ್ದು, ಕೆರೆ ಏರಿಯ ದಿಬ್ಬದಲ್ಲಿ ಮುತ್ತು ನಿಂತುಬಿಟ್ಟದ್ದು. ಗಾಡಿಯಲ್ಲಿದ್ದವರು "ಇದೇನಪ್ಪಾ, ಕುದುರೇನೋ ಕತ್ತೇನೋ?" ಎಂದು ನಗುತ್ತಾರೆ. ನಾನು ಚಾವಟಿ ಕೆಳಗಿಟ್ಟು ಇಳಿಯುತ್ತೇನೆ, ಗಂಡಿನ ಸೋದರಮಾವನನ್ನೂ ಕೈ ಹಿಡಿದು ಇಳಿಸುತ್ತೇನೆ, "ಅದು ಬೇಡ ಅಂದ್ರೆ ಬೇಡ ಸ್ವಾಮಿ, ನಡೀರಿ" ಎನ್ನುತ್ತೇನೆ. ರೇಷ್ಮೆ ಪಂಚೆ ಎತ್ತಿಕೊಂಡು ಅವರೆಲ್ಲ ದಿಬ್ಬ ಹತ್ತುವ ಜಾಗಕ್ಕೆ ಬಂದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ. "ಆಮೇಲೆ ಮುತ್ತು ಏನಾಯ್ತು ತಾತಾ?" ಎಂದು ತಪ್ಪದೆ ಕೇಳುತ್ತಿದ್ದೆ. ಹನ್ನೆರಡು ವರ್ಷ ಹುಲ್ಲು ತಿಂದುಕೊಂಡು ಮುದಿಯಾಗಿ, ಒಂದು ದಿನ ಹೊಂಗೆ ಮರದ ನೆರಳಲ್ಲಿ ಮಲಗಿತು ಎಂದು ಮುಗಿಸುತ್ತಿದ್ದೆ. ಆ ಕಥೆ ಶುರುವಾದರೆ ಅಕ್ರಂ ಎದ್ದು ಬೀಡಿ ಹಚ್ಚಲು ಹೊರಗೆ ಹೋಗುತ್ತಿದ್ದ, ಅದೂ ನಿನಗೆ ನೆನಪಿರಬೇಕು.

ಈಗ ನಾನು ಕಾಗದ ಹಿಡಿದ ಕಾರಣ. ಈ ತಿಂಗಳು ಇಪ್ಪತ್ತಮೂರಕ್ಕೆ ಬೆಂಗಳೂರಿನಲ್ಲಿ ನಡೆಯುವ ಸ್ಪರ್ಧೆಗೆ ನೀನು ಮತ್ತೆ ಮೇಲಿನ ಹಂತಕ್ಕೆ ಹೆಸರು ಕೊಟ್ಟಿದ್ದೀಯಂತೆ. ನರೇಶ ಹೇಳಿದ. ಕಸ್ತೂರಿ ಇನ್ನೂ ಹಳ್ಳ ಕಂಡರೆ ಕಿವಿ ಹಿಂದಕ್ಕೆ ಮಡಿಸುತ್ತಾಳೆ ಎಂದು ನೀನೇ ಅವನಿಗೆ ಹೇಳಿದ್ದೀಯ. ಮತ್ಯಾಕೆ ಎಂದು ಅವನು ಕೇಳಿದರೆ, "ತಾತ ಕತ್ತೆ ಮೇಯ್ಸು ಅಂದ್ರಲ್ಲ, ನೋಡ್ಲಿ" ಅಂದೆಯಂತೆ. ಹೆಸರು ವಾಪಸ್ಸು ತೆಗೆದುಕೋ ಕಣಮ್ಮಾ. ಆ ಕುದುರೆಗೆ ಇನ್ನೊಂದು ವರ್ಷ ಬೇಕಾದರೆ ಇನ್ನೊಂದು ವರ್ಷ ಕೆಳಗಿನ ಹಂತದಲ್ಲೇ ಇರು. ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆಯೇ ಇಟ್ಟುಕೋ, ಅವಳ ಕಾಲಿನ ಮೇಲೆ ಹಾಕಬೇಡ. ನನ್ನ ಜೊತೆ ಮಾತಾಡುವುದು ಬಿಡುವುದು ನಿನ್ನಿಷ್ಟ, ಅದಕ್ಕೂ ಇದಕ್ಕೂ ಗಂಟು ಹಾಕುವುದಿಲ್ಲ. ಶಾಮಲಮ್ಮನ ಮನೆಗೆ ಹೋಗಿ, ಆ ಕನ್ನಡದ ಮಾತನ್ನು ಅವಳ ಮುಂದೆ ಹಾಗೆಯೇ ಹೇಳಿ ಬಂದಿದ್ದೇನೆ. ಅವಳು ಬಾಯಿ ಮುಚ್ಚಿಕೊಂಡು ಕೇಳಿ, ಆಮೇಲೆ ಕಣ್ಣೊರೆಸಿಕೊಂಡಳು. ಬೀದಿಯ ಮುಂದೆ ಆಡಿದ ಮಾತನ್ನು ಬೀದಿಯ ಮುಂದೆಯೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಕಿವಿಗೆ ಹೋದದ್ದನ್ನು ಹೇಗೆ ತೆಗೆಯುವುದೋ ತಿಳಿಯುತ್ತಿಲ್ಲ.

ಅಜ್ಜಿ ನಿನ್ನನ್ನು ತುಂಬ ಕೇಳಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೋ ಎಂದಿದ್ದಾಳೆ. ಅಕ್ರಂ ಸಲಾಂ ಹೇಳಿದ್ದಾನೆ. ಕಸ್ತೂರಿಯ ಗೊರಸಿನ ನಡುಭಾಗ ಒಣಗದಂತೆ ನೋಡಿಕೋ ಎಂದೂ ಹೇಳಿದ್ದಾನೆ. ನೀನೂ ಅವಳೂ ನೂರು ಕಾಲ ಚೆನ್ನಾಗಿರಿ.

ನಿನ್ನ ತಾತ,
ಕೋದಂಡರಾಮಪ್ಪ

ತಾ.ಕ.: ನರೇಶ ಬೈಕು ಸ್ಟಾರ್ಟ್ ಮಾಡಿ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ದಿಬ್ಬದಲ್ಲಿ ನಾನು ಗಾಡಿಯಿಂದ ಇಳಿಯಲಿಲ್ಲ. ಅವರು ಕತ್ತೆ ಎಂದು ನಕ್ಕಾಗ ಚಾವಟಿ ತೆಗೆದುಕೊಂಡೆ. ಮುತ್ತು ಹತ್ತಿತು. ಮದುವೆ ಮನೆಯ ಮುಂದೆ ಎಲ್ಲರಿಗಿಂತ ಮೊದಲು ಗಾಡಿ ನಿಲ್ಲಿಸಿದೆ, ಜನ ಶಿಳ್ಳೆ ಹೊಡೆದರು. ವಾಪಸ್ಸು ಬರುವಾಗ ಅದೇ ದಿಬ್ಬದ ಇಳಿಜಾರಿನಲ್ಲಿ ಅದರ ಕಾಲು ಮುರಿಯಿತು. ಹನ್ನೆರಡು ವರ್ಷ ಸುಳ್ಳು, ಹೊಂಗೆ ಮರವೂ ಸುಳ್ಳು. ಅದು ಮಾರನೆಯ ದಿನ ನೋಡಲಿಲ್ಲ. ನೀನು ನನ್ನಿಂದ ಕಲಿತೆ ಅಂದದ್ದನ್ನು ನಾನು ಮಾಡಿರಲೇ ಇಲ್ಲ ಕಣಮ್ಮಾ. ಮದುವೆಗೆ ಹೊರಡುವ ಮುಂಚೆ ಬೆಳಿಗ್ಗೆಯೇ ಅಕ್ರಂ ಅದರ ಕಾಲೆತ್ತಿ ನೋಡಿ "ಇವತ್ತು ಇದನ್ನ ಹೂಡಬೇಡ" ಅಂದಿದ್ದ. ಗಂಟಿನಲ್ಲಿರುವುದು ಆ ಕಾಲಿನ ಲಾಳ, ಅವನೇ ಬಿಚ್ಚಿ ಕೊಟ್ಟದ್ದು. ನೋಡು, ಒಂದೇ ಪಕ್ಕ ಸವೆದಿದೆ. ಒಳ್ಳೆಯದಾಗಲಿ ಎಂದು ಇದನ್ನು ಬಾಗಿಲಿಗೆ ಹೊಡೆಯಬೇಡ. ಯಾರಾದರೂ ನಕ್ಕಾಗ, ನಾನೇ ನಕ್ಕರೂ, ಒಂದು ಸಲ ಕೈಯಲ್ಲಿ ಹಿಡಿದು ನೋಡು.