ಹೇನಿನ ಔಷಧಿ

2 ಜನವರಿ, ಗುರುವಾರ

ಬೆಟಗೇರಿಯ ಬಸ್ಸು ಇವತ್ತೂ ತಡ. ಮುಂಡರಗಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಅಲ್ಲಿಂದ ಟಂಟಂ ಆಟೋ, ಆಮೇಲೆ ಹರಿಗೋಲು. ಅಂಬಿಗ ಬುಡ್ಡೇಸಾಬ ಹುಟ್ಟು ಹಿಡಿದುಕೊಂಡೇ ತೂಕಡಿಸುತ್ತಿದ್ದ. "ಗದಗಿನ ಬಸ್ ನಂಬಿ ಕುಂತ್ರ ಹೊಳಿನೂ ಬತ್ತತೈತಿ ನೋಡ್ರಿ ಅಕ್ಕಾರ!"

ಬತ್ತುವುದಿಲ್ಲ. ಬ್ಯಾರೇಜಿನ ನೀರು ನಿಂತಾಗಿನಿಂದ ಈ ನಡುಗಡ್ಡೆಯ ಸುತ್ತ ವರ್ಷವಿಡೀ ಹೊಳೆ. ಅಂಗಡಿ ಒಂದು, ದವಾಖಾನೆ ಇಲ್ಲ. ಗುರುವಾರದ ಮಟ್ಟಿಗೆ ನಾನೇ ದವಾಖಾನೆ. ಮಿಷನ್ ಆಸ್ಪತ್ರೆಯ ನರ್ಸ್ ಕೆಲಸದಿಂದ ರಿಟೈರ್ ಆದಾಗ, ಸೇವೆಗೆ ಎಲ್ಲಿ ಹೋಗುತ್ತೀರಿ ಎಂದು ಚರ್ಚಿನ ಸಭೆಯವರು ಕೇಳಿದ್ದರು. ಬೇಡಿ ಪಡೆದ ಜಾಗ ಇದು.

ಅಮೃತವ್ವನ ಹಿಮ್ಮಡಿಯ ಹುಣ್ಣು ಈಗ ಶೇಂಗಾ ಬೀಜದಷ್ಟು. ಸಕ್ಕರೆ ಕಾಯಿಲೆಯ ಹುಣ್ಣು ಇಷ್ಟು ಇಳಿಯುವುದೇ ಕಷ್ಟ. ನಡುವಿನ ದಿನಗಳಲ್ಲಿ ಮಗಳು ಮಂಜುಳಾ ಪಟ್ಟಿ ಕಟ್ಟುತ್ತಾಳೆ, ನಾನೇ ಕಲಿಸಿದ್ದು. ಪಟ್ಟಿ ಬಿಚ್ಚುವಾಗ ಅಮೃತವ್ವ ಕೇಳಿದಳು: "ಅಕ್ಕಾ, ಖರೆ ಹೇಳು. ಮಂಜುಳಾನ ಲಗ್ನದಾಗ ಒಂದರೆ ಬುಂದೇ ಉಂಡಿ ತಿನ್ನಾಕ ಬಿಡ್ತಿಯೋ ಇಲ್ಲೋ?"

"ಅರ್ಧ."

"ಅಯ್ಯ, ಇಂಥಾ ಜುಗ್ಗಿ ಎಲ್ಲೂ ನೋಡಿಲ್ಲವಾ!"

ಹುಡುಗನ ಮನೆ ಲಕ್ಷ್ಮೇಶ್ವರ, ಕಾಳಿನ ವ್ಯಾಪಾರ. ನಿಶ್ಚಯ ಆಗಿದೆ. ಆದರೆ ಮದುವಣಗಿತ್ತಿಯ ತಲೆ ತುಂಬ ಹೇನು! ಅವಳೊಬ್ಬಳದಲ್ಲ, ಗಡ್ಡೆಯ ಹುಡುಗಿಯರೆಲ್ಲರದೂ. ಮುಂದಿನ ವಾರ ಔಷಧಿ ಒಯ್ಯಬೇಕು.

ಮನೆಯಲ್ಲಿ ಜೊತೆಗೇ ಇರುವ ತಮ್ಮ ಜಯಶೀಲ ತಾನೂ ಬರುತ್ತೇನೆ ಎನ್ನುತ್ತಿದ್ದಾನೆ. ವಿಡಿಯೋ ಮಾಡಿ ತನ್ನ ಕಡೆಯ ದಾನಿಗಳಿಗೆ ತೋರಿಸಿದರೆ ಗಡ್ಡೆಗೊಂದು ಇಂಜಿನ್ ದೋಣಿ ಸಿಗುತ್ತದಂತೆ. ನಮ್ಮ ಸಭೆ ಬಿಟ್ಟು ಸ್ವಂತ ಪ್ರಾರ್ಥನಾ ಹಾಲ್ ಹಾಕಿಕೊಂಡಿದ್ದಕ್ಕೆ ಸಿಟ್ಟಿತ್ತು. ಆದರೂ ತಮ್ಮ. ಅವ್ವ ಸತ್ತಾಗ ಇನ್ನೂ ತೊಟ್ಟಿಲಲ್ಲಿದ್ದ... ಬಾ ಎಂದೆ.

9 ಜನವರಿ, ಗುರುವಾರ

ಕೈ ಇನ್ನೂ ಲೋಷನ್ ವಾಸನೆ ಹೊಡೆಯುತ್ತಿದೆ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಿದೆ.

ಹುಡುಗಿಯರನ್ನು ಬಂಡೆಯ ಮೇಲೆ ಸಾಲಾಗಿ ಕೂರಿಸಿ ಔಷಧಿ ಹಚ್ಚಿದೆ. ಆಮೇಲೆ ಒಬ್ಬೊಬ್ಬಳನ್ನೇ ಸೊಂಟದ ನೀರಿಗೆ ಇಳಿಸಿ, ಒಂದು ಕೈ ಹಣೆಗೆ, ಒಂದು ಕೈ ಕತ್ತಿನ ಹಿಂದೆ ಕೊಟ್ಟು, ಹಿಂದಕ್ಕೆ ಬಾಗಿಸಿ ತಲೆ ಅದ್ದಿದೆ. ಹಾಗೆ ಮಾಡಿದರೇ ಔಷಧಿ ಕಣ್ಣಿಗೆ ಇಳಿಯುವುದಿಲ್ಲ. ಶುರು ಮಾಡುವ ಮುಂಚೆ ಅಭ್ಯಾಸದಂತೆ ಕಣ್ಣು ಮುಚ್ಚಿ ಒಂದು ಮಾತಿನ ಪ್ರಾರ್ಥನೆ. ಟ್ರೇನಿಂಗ್ ದಿನದಿಂದ ಬಂದದ್ದು, ಸೂಜಿ ಚುಚ್ಚುವಾಗಲೂ ಬಿಟ್ಟಿಲ್ಲ.

ಮಂಜುಳಾ ನೀರಿನಿಂದ ಎದ್ದು, "ಹೇನ ಹೋದ್ವು, ಜೀವಾನೂ ಹೋಗತಿತ್ತು" ಎಂದು ಕಿರುಚಿದಳು. ಅಮೃತವ್ವ ದಂಡೆಯಲ್ಲಿ ಕೂತು ಚಪ್ಪಾಳೆ.

ಜಯಶೀಲ ಮೊಣಕಾಲು ನೀರಿನಲ್ಲಿ ನಿಂತು ಎಲ್ಲವನ್ನೂ ಫೋನಿನಲ್ಲಿ ಹಿಡಿದ. ಇಷ್ಟು ಖುಷಿಯಾಗಿ ಅವನನ್ನು ನೋಡಿ ಬಹಳ ದಿನವಾಗಿತ್ತು.

12 ಜನವರಿ, ರವಿವಾರ

ಆರಾಧನೆ ಮುಗಿಸಿ ಬಂದೆ. ತಮ್ಮ ಜಯಾ ಮೈಸೂರಪಾಕ ತಂದಿದ್ದ. "ದೋಣಿ ಬಂದಂಗ ತಿಳಿ ಅಕ್ಕಾ." ಮನಸ್ಸು ತುಂಬಿ ಬಂತು.

16 ಜನವರಿ, ಗುರುವಾರ

ಮಂಜುಳಾಳ ತಲೆಯಲ್ಲಿ ಒಂದು ಹೇನಿಲ್ಲ. ಹುಣ್ಣು ಮುಚ್ಚುತ್ತಿದೆ. ಇನ್ನೆರಡು ತಿಂಗಳು ಬಿಡದೆ ಕಟ್ಟಿದರೆ ಅಮೃತವ್ವನ ಕಾಲು ಉಳಿಯಿತು. ಬಿಟ್ಟರೆ ಹೋಯಿತು. ತಾಯಿ ಮಗಳಿಬ್ಬರಿಗೂ ಮತ್ತೆ ಮತ್ತೆ ಹೇಳಿದೆ.

23 ಜನವರಿ, ಗುರುವಾರ. ಮಧ್ಯಾಹ್ನ

ಹೊಳೆ ದಂಡೆಯಲ್ಲೇ ಕೂತು ಬರೆಯುತ್ತಿದ್ದೇನೆ. ಬುಡ್ಡೇಸಾಬ ಹರಿಗೋಲು ಬೋರಲು ಹಾಕಿದ್ದಾನೆ.

"ಇವತ್ತ ಬ್ಯಾಡ್ರಿ ಅಕ್ಕಾರ. ನಿಮ್ಮನ್ನ ಕರಕೊಂಡ ಹೋದ್ರ ನನ್ನೂ ಗಡ್ಡಿಗೆ ಸೇರ್ಸಂಗಿಲ್ಲ."

ಯಾಕೆ ಎಂದೆ. ಫೋನ್ ತೆಗೆದು ತೋರಿಸಿದ.

ನಾನು. ಬಿಳಿ ಸೀರೆ. ಕಣ್ಣು ಮುಚ್ಚಿದ್ದೇನೆ. ನಿಧಾನವಾದ ಹಾಡು. ಮಂಜುಳಾ ಹಿಂದಕ್ಕೆ ಬಾಗಿ ನೀರಿಗೆ, ನೀರಿನಿಂದ ಮೇಲಕ್ಕೆ. ಅವಳ ನಗು ಕಾಣುತ್ತದೆ, ದನಿ ಇಲ್ಲ. ದನಿ ನನ್ನ ತಮ್ಮನದು — ತುಂಗಭದ್ರೆಯ ದ್ವೀಪದಲ್ಲಿ ಇಂದು ಇಷ್ಟು ಆತ್ಮಗಳು ದೀಕ್ಷಾಸ್ನಾನ ಪಡೆದವು, ಪ್ರಭುವಿಗೆ ಸ್ತೋತ್ರ.

ದೀಕ್ಷಾಸ್ನಾನ! ನಮ್ಮ ಹಳೆಯ ಸಭೆಯಲ್ಲಿ ಕೂಸಿನ ಹಣೆಗೆ ಬೋಗುಣಿಯ ನೀರು ಚಿಮುಕಿಸುತ್ತಾರೆ, ಅಷ್ಟೇ. ಹೊಳೆಯಲ್ಲಿ ಮುಳುಗಿಸುವುದು ನಾವು ಕಂಡದ್ದಲ್ಲ, ಉಂಡದ್ದಲ್ಲ. ಅದಕ್ಕೇ ಆ ದಿನ ನನ್ನ ತಲೆಗೆ ಹೊಳೆಯಲೇ ಇಲ್ಲ. ಅವನಿಗೆ ಹೊಳೆದಿತ್ತು. ಅವನ ಪ್ರಾರ್ಥನಾ ಹಾಲ್‌ನವರು ದೀಕ್ಷಾಸ್ನಾನ ಕೊಡುವುದು ಹಾಗೆಯೇ. ಅದಕ್ಕೇ ನೀರಿಗಿಳಿದು ನಿಂತಿದ್ದ.

ಲಕ್ಷ್ಮೇಶ್ವರದವರು ವಿಡಿಯೋ ನೋಡಿದ್ದಾರೆ. ಹುಡುಗಿ ಕ್ರೈಸ್ತಳಾದಳೆಂದು ನಿಶ್ಚಯ ಮುರಿದಿದ್ದಾರೆ.

ಅದೇ ದಿನ, ಸಂಜೆ

ಮನೆಗೆ ಬಂದಾಗ ಜಯಶೀಲ ಟಿವಿ ನೋಡುತ್ತ ಕೂತಿದ್ದ. "ಏನೋ ಇದು, ಜಯಾ?"

"ನಾ ಸುಳ್ಳೇನ ತೋರಿಸೀನಿ ಅಕ್ಕಾ? ನೀರ ಇತ್ತು. ಹುಡುಗ್ಯಾರಿದ್ರು. ನೀ ಪ್ರಾರ್ಥನಾ ಮಾಡಿದ್ದಿ."

"ಹೇನ ತೊಳದೆನೋ ನಾ! ಹೇನ!"

"ನೋಡಾವ್ರಿಗೆ ಹೇನ ಕಾಣಂಗಿಲ್ಲ."

ಕಪಾಳಕ್ಕೆ ಹೊಡೆದೆ. ಹೆಂಡತಿ ಮಕ್ಕಳಿರುವವನಿಗೆ. ಅವನು ಕೆನ್ನೆ ಒರೆಸಿಕೊಂಡು, "ದೋಣಿ ಬರೋದು ಅವರಿಗೇ ಅಲ್ಲೇನು?" ಎಂದ.

ಉಂಡ ಮನೆಯ ಗಳ ಎಣಿಸುವವನನ್ನು ನಾನೇ ಎತ್ತಿ ಆಡಿಸಿ ಬೆಳೆಸಿದೆ. ಎದೆ ಉರಿಯುತ್ತಿದೆ. ಬೇರೆ ಯಾರೇ ಮಾಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

24 ಜನವರಿ

ಪ್ರಾರ್ಥನೆಗೆ ಕೂತೆ. ಆಗಲಿಲ್ಲ. ಎದ್ದೆ.

30 ಜನವರಿ, ಗುರುವಾರ

ಒಂದು ಮಾತು ಆಡಿ ಬರುತ್ತೇನೆ ಎಂದು ಬುಡ್ಡೇಸಾಬನ ಕೈಕಾಲು ಹಿಡಿದೆ. ಕರೆದೊಯ್ದ.

ಬೇವಿನ ಮರದ ಕೆಳಗೆ ಗಡ್ಡೆಯವರೆಲ್ಲ. ಕುಂಡ್ರಿ ಎಂದು ಯಾರೂ ಅನ್ನಲಿಲ್ಲ. ಸಕ್ರಪ್ಪ, ಅಮೃತವ್ವನ ಗಂಡ, ಒಂದೇ ಕೇಳಿದ: "ಆ ವಿಡಿಯೋದಾಗ ಮಾತಾಡಾಂವ ಯಾರು?"

ಹೇಳಿದೆ. "ನನ್ನ ತಮ್ಮ, ಜಯಶೀಲ. ಅವಂದು ಸುಳ್ಳು. ನಾ ಔಷಧಿ ಹಚ್ಚಿದ್ದು ಖರೆ."

"ನಿಮ್ಮ ತಮ್ಮ ಮಾಡಿದ್ದು ನಿಮಗ ಗೊತ್ತಿದ್ದಿಲ್ಲಂತ ನಾವು ನಂಬಬೇಕು, ಹೌದಿಲ್ರಿ?"

ಅಮೃತವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಾಲಿಗೆ ಹಳೇ ಸೀರೆಯ ತುಂಡು, ಮೇಲೆ ಅರಿಸಿನ. ದೂರದಿಂದಲೇ ವಾಸನೆ ಬಡಿಯಿತು. ಆ ವಾಸನೆ ನನಗೆ ಗೊತ್ತು.

"ಅಮೃತವ್ವಾ, ನನ್ನ ಬೈಯಿ, ಹೊಡಿ. ಕಾಲು ಮಾತ್ರ ತೋರ್ಸು."

ಮೆಲ್ಲಗೆ ಅಂದಳು: "ನನ್ನ ಕಾಲ ತೊಳದದ್ದೂ ಫೋಟೋಕ್ಕ ಏನ್ರಿ?"

ಎರಡು ವರ್ಷ ನೀ ಅಂದವಳು. ಜುಗ್ಗಿ ಅಂದವಳು.

ಮಂಜುಳಾ ಒಳಗಿನಿಂದ ಗಾಜ್ ಬಟ್ಟೆಯ ಡಬ್ಬಿ ತಂದು ನನ್ನ ಮುಂದೆ ಇಟ್ಟಳು. ಕಣ್ಣು ಬಾತುಕೊಂಡಿದ್ದವು. ಆ ಡಬ್ಬಿ ಹೊತ್ತುಕೊಂಡು ವಾಪಸ್ ಬಂದೆ.

4 ಫೆಬ್ರುವರಿ

ಜಯಾ ವಿಡಿಯೋ ಅಳಿಸಿದನಂತೆ. ಅಳಿಸಿದರೇನು, ಹೋಗಬೇಕಾದಲ್ಲೆಲ್ಲ ಹೋಗಿ ಆಗಿದೆ. ಸಾಮಾನು ಕಟ್ಟುತ್ತಿದ್ದಾನೆ, ಬಾಡಿಗೆ ಮನೆಗೆ ಹೋಗುತ್ತಾನೆ. ಹೊಸ್ತಿಲಲ್ಲಿ ತಿರುಗಿ ನಿಂತು, "ಅಷ್ಟ ಮಂದಿ ಮುಂದ ನನ್ನ ಹೆಸರ ಹೇಳಿದಿ. ದ್ರೋಹ ಮಾಡಿದ್ದು ನೀನು" ಎಂದ.

ನಾನಂತೆ! ನಗಬೇಕೋ ಅಳಬೇಕೋ. ಬಾಗಿಲು ಹಾಕಿಕೊಂಡೆ.

6 ಫೆಬ್ರುವರಿ, ಗುರುವಾರ

ದಂಡೆಯವರೆಗೆ ಹೋಗಿ ಬಂದೆ.

13 ಫೆಬ್ರುವರಿ, ಗುರುವಾರ

ಇಂದೂ.

19 ಫೆಬ್ರುವರಿ, ಬುಧವಾರ

ಬೆಳಿಗ್ಗೆ ಬಾಗಿಲಲ್ಲಿ ಸಕ್ರಪ್ಪ. ಒಳಗೆ ಬಾ ಎಂದರೂ ಬರಲಿಲ್ಲ, ಟವೆಲ್ ಹಿಂಡುತ್ತ ನಿಂತ.

"ಆಕಿನ್ನ ಗದಗಿನ ದವಾಖಾನಿಗೆ ತಂದೀವ್ರಿ. ಚಳಿ ಜ್ವರ. ಮೊಣಕಾಲ ಕೆಳಗ ಕಡೀಬೇಕಂತಾರ, ಇಲ್ಲಾಂದ್ರ ಜೀವ ಉಳಿಯಂಗಿಲ್ಲಂತ. ಒಲ್ಲೆ ಅಂತ ಹಟ ಹಿಡದಾಳ. ಡಾಕ್ಟರ್ ಮಾತ ಕೇಳವಲ್ಲಳು, ನನ್ನ ಮಾತೂ ಕೇಳವಲ್ಲಳು. ಮೊದಲ ನಿಮ್ಮ ಮಾತ ಕೇಳತಿದ್ಲು..."

ಚಪ್ಪಲಿ ಹಾಕಿಕೊಂಡು ಹಾಗೇ ಹೊರಟೆ.

ಹೆಂಗಸರ ವಾರ್ಡು, ಕಿಟಕಿ ಪಕ್ಕದ ಮಂಚ. ಅರ್ಧ ಆಗಿದ್ದಾಳೆ. ಹೊದಿಕೆ ಎತ್ತಿದೆ. ಬಿಡಿಸಿ ಬರೆಯಲಾರೆ. ಮೂರು ವಾರದ ಹಿಂದೆ ನನ್ನ ಕೈಗೆ ಸಿಕ್ಕಿದ್ದರೆ ಉಳಿಯುತ್ತಿದ್ದ ಕಾಲು.

"ಕಡಸ್ಕೋ ಅಮೃತವ್ವಾ. ಇವತ್ತ. ತಡಾ ಮಾಡಿದ್ರ ವಿಷ ಮೈಯೆಲ್ಲ ಏರತೈತಿ. ನಿನ್ನ ಕೈ ಮುಗೀತೀನಿ."

ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಆಮೇಲೆ ಆಚೆ ತಿರುಗಿ, ಮಂಚಗಳ ನಡುವೆ ಕಸ ಹೊಡೆಯುತ್ತಿದ್ದ ಹೆಂಗಸನ್ನು ಕರೆದಳು. ಯಾರೋ, ಹೆಸರೂ ಗೊತ್ತಿಲ್ಲ.

"ಯವ್ವಾ, ಸ್ವಲ್ಪ ಬಾ ಇಲ್ಲೆ. ಈಕಿ ಹೇಳೋದು ಖರೆ ಐತೇನ, ನೋಡಿ ಹೇಳು."

ಆ ಹೆಂಗಸು ಕಸಬರಿಗೆ ಗೋಡೆಗೆ ಒರಗಿಸಿ ಬಂದು, ಕಾಲು ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಖರೆ ಐತಿ ತಂಗಿ. ಕಡಸ್ಕೋ. ಮಗಳ ಮಾರಿ ನೋಡು."

"ಆತು" ಎಂದಳು ಅಮೃತವ್ವ.

ನಲವತ್ತು ಗುರುವಾರವೋ ಎಂಬತ್ತೋ, ಲೆಕ್ಕ ಇಟ್ಟಿಲ್ಲ. ಕಾಲು ತೊಡೆಯ ಮೇಲೆ ಇಟ್ಟುಕೊಂಡು ತೊಳೆದದ್ದು ನಾನು.

20 ಫೆಬ್ರುವರಿ, ಗುರುವಾರ

ಆಪರೇಷನ್ ಥೇಟರಿನ ಹೊರಗಿನ ಬೆಂಚು. ಬುಡ್ಡೇಸಾಬನೂ ಬಂದಿದ್ದಾನೆ. ಚಹಾ ತಂದುಕೊಟ್ಟ, ಕುಡಿಯಲಾಗಲಿಲ್ಲ. ಮಂಜುಳಾ ಒಳ ಬಾಗಿಲ ಹತ್ತಿರ. ನನ್ನ ಕಡೆ ನೋಡುತ್ತಿಲ್ಲ.

ಮಧ್ಯಾಹ್ನ ಬಾಗಿಲು ತೆರೆಯಿತು. ನರ್ಸು ಏನೋ ಹೇಳಿದಳು. ಮಂಜುಳಾ ಓಡಿ ಬಂದಳು. ಎದ್ದು ನಿಂತೆ, ಕೈ ತಾನೇ ಮುಂದೆ ಹೋಯಿತು. ನನ್ನನ್ನು ದಾಟಿ ಹೋದಳು. ವರಾಂಡದ ಕೊನೆಯಲ್ಲಿ ನಿನ್ನೆಯ ಆ ಹೆಂಗಸು ನೆಲ ಒರೆಸುತ್ತಿದ್ದಳು. ಅವಳ ಒದ್ದೆ ಕೈ ಹಿಡಿದುಕೊಂಡು ಮಂಜುಳಾ ಅತ್ತಳು.

"ಅವ್ವ ಉಳದ್ಲರಿ! ನಿಮಗ ಮೊದಲ ಹೇಳು ಅಂದಿದ್ಲು."

ನನಗೂ ಕೇಳಿಸಿತು. ಉಳಿದಳು. ಅಷ್ಟು ಸಾಕು ಎಂದು ಬರೆಯಬೇಕು. ಅದಕ್ಕೇ ಪೆನ್ನು ತೆಗೆದೆ. ಸಾಕು, ಖರೆ. ಆದರೆ ಜಯಾ, ಅವರ ನಂಬಿಕೆಯನ್ನು ನೀನು ನನ್ನಿಂದ...