ಗೇಟು ದಾಟಬಾರದ ಮಣ್ಣು

೧೯ ಸೆಪ್ಟೆಂಬರ್ ೨೦೨೫, ಶುಕ್ರವಾರ, ಗಿರಿನಗರ

ಸೊಣ್ಣಮ್ಮನವರಿಗೆ ಒಂದು ಹಿಡಿ ಮಣ್ಣು ಕೊಡಲಾಗಲಿಲ್ಲ.

ವಸಂತಪುರದಲ್ಲಿ ಅವರು ಬಾಡಿಗೆಗೆ ಕೊಟ್ಟಿದ್ದ ಲೋಹಕ್ಕೆ ಕ್ರೋಮ್ ಲೇಪಿಸುವ ಪ್ಲೇಟಿಂಗ್ ಶೆಡ್ಡಿನ ವಿಷದ ನೀರು ಇಡೀ ಹಿತ್ತಲಿಗೆ ಇಳಿದಿದೆ. ಮೂಲೆಯಲ್ಲಿ ಅವರ ಯಜಮಾನರ ಸಮಾಧಿಯಿತ್ತು. ಮೂಳೆಗಳನ್ನು ಹೋದ ವಾರವೇ ಸ್ಮಶಾನಕ್ಕೆ ಒಯ್ದರು. ಇವತ್ತು ಮಾಲಿನ್ಯ ಮಂಡಳಿಯ ಪರವಾಗಿ ನಾನು ಆ ಮಣ್ಣನ್ನೂ ಅಗೆಸಿದೆ. ನಂಬರು ಹಾಕಿದ ಚೀಲದಲ್ಲಿ, ಪರವಾನಗಿ ಇರುವ ಲಾರಿಯಲ್ಲಿ ಮಾತ್ರ ಅದು ಗೇಟು ದಾಟಬೇಕು.

ಸೊಣ್ಣಮ್ಮ ಸೆರಗು ಒಡ್ಡಿ ನಿಂತರು. "ನಾಡಿದ್ದು ಅಮಾವಾಸ್ಯೆ ಮೇಡಂ. ಒಂದು ಹಿಡಿ ಕೊಡಿ, ಅದರ ಮುಂದೆ ಎಡೆ ಇಡ್ತೀನಿ."

"ಆಗಲ್ಲ ಅಜ್ಜಿ, ಅದು ವಿಷ."

"ಇಪ್ಪತ್ತು ವರ್ಷ ಅದರಲ್ಲೇ ಸೊಪ್ಪು ಬೆಳ್ದು ತಿಂದಿದೀವಿ. ಆಗ ಯಾರೂ ಹೇಳ್ಲಿಲ್ವಲ್ಲ."

ನಾನು ತಲೆ ಎತ್ತದೆ ಫಾರಂನಲ್ಲಿ 'ಅಪಾಯಕಾರಿ ತ್ಯಾಜ್ಯ' ಎಂದು ಬರೆದು ಸಹಿ ಹಾಕಿದೆ. ಅವರು ಖಾಲಿ ಸೆರಗನ್ನು ಕೊಡವಿಕೊಂಡು ಒಳಗೆ ಹೋದರು. ಅಲ್ಲಿ ನಿಲ್ಲಲಾಗದೆ ಹೊರಟುಬಿಟ್ಟೆ. ಗೇಟಿನ ಬಳಿ ಬೂಟು ತೊಳೆಯುವುದನ್ನೇ ಮರೆತೆ. ಆ ನಿಯಮವನ್ನು ಬರೆದು ಅಂಟಿಸಿದವಳು ನಾನೇ.

ಈಗ ಬೂಟು ನನ್ನ ಮನೆಯ ಹೊಸ್ತಿಲ ಬಳಿ ಬಿದ್ದಿದೆ. ತಳದಲ್ಲಿ ಹಳದಿ ಮಣ್ಣು, ಹೆಚ್ಚುಕಡಿಮೆ ಒಂದು ಹಿಡಿ.