ಕರಗದ ಚೂರು

ಮಾರ್ಚ್ 3, ಸೋಮವಾರ

ಇವತ್ತೂ ಹನ್ನೆರಡು ಸ್ಯಾಂಪಲ್. ಮೇಣ ತೆಗಿ, ತೊಳೆ, ಒಣಗಿಸು, ಎನ್‌ಜೈಮ್ ಹಾಕು. ಪ್ರೋಟಿನೇಸ್ ಕೆ, ಇಪ್ಪತ್ತು ಮೈಕ್ರೋಲೀಟರ್ — ಒಂದು ಹನಿಯೂ ಅಲ್ಲ. ಗೆದ್ದಲು ಮರ ತಿಂದು ಮೊಳೆ ಬಿಡುವ ಹಾಗೆ ಇದು ಪ್ರೋಟೀನೆಲ್ಲ ತಿಂದು ಡಿಎನ್ಎ ಬಿಡುತ್ತದೆ. ಹತ್ತೊಂಬತ್ತು ವರ್ಷದ ಕೆಲಸ. ಕೈಗೇ ಕಣ್ಣು ಬಂದಿದೆ.

ಹನ್ನೆರಡನೆಯದು ಅಕ್ಕನದು.

ಅಕ್ಕ ಹೋಗಿ ಎಂಟು ವರ್ಷ. ಅವಳ ಎದೆಯ ಗಡ್ಡೆಯ ಒಂದು ಚೂರು ಆಸ್ಪತ್ರೆಯ ಉಗ್ರಾಣದಲ್ಲಿ, ಮೇಣದ ಬಿಲ್ಲೆಯೊಳಗೆ ಉಳಿದಿತ್ತು. ಮಗಳು ಗುಬ್ಬಿಗೆ ಈಗ ಇಪ್ಪತ್ತೇಳು. ಕಾಯಿಲೆ ವಂಶದಲ್ಲಿ ಇಳಿದು ಬರುವಂಥದ್ದೋ ಅಲ್ಲವೋ ತಿಳಿಯಬೇಕು. ಮೊದಲು ತಾಯಿಯ ಡಿಎನ್ಎಯಲ್ಲಿ ದೋಷ ಹುಡುಕಬೇಕು. ಆಮೇಲೆ ಮಗಳದರಲ್ಲಿ.

ಟ್ಯೂಬಿನ ಮೇಲೆ ಬರೀ ನಂಬರ್. ಲ್ಯಾಬಿನ ಮುಖ್ಯಸ್ಥೆ ಮೇಡಂಗೆ ಹೇಳಿಲ್ಲ. ಮನೆಯವರ ಸ್ಯಾಂಪಲ್ ಮುಟ್ಟಬಾರದೆಂದು ನಿಯಮ. ಆದರೆ ಬೇರೆಯವರ ಕೈಗೆ ಬಿಡಲು ಮನಸ್ಸು ಬರಲಿಲ್ಲ… ಅರ್ಧ ಬಳಸಿದೆ. ಅರ್ಧ ಉಳಿದಿದೆ.

ಮಾರ್ಚ್ 4, ಬೆಳಿಗ್ಗೆ 8

ಹನ್ನೊಂದು ಟ್ಯೂಬ್ ತಿಳಿಯಾಗಿವೆ. ಅಕ್ಕನದರಲ್ಲಿ ಚೂರು ಹಾಗೇ ಇದೆ, ಅಕ್ಕಿನುಚ್ಚಿನಂತೆ.

ರಾತ್ರಿಯಿಡೀ ಟ್ಯೂಬು ಬಿಸಿ ಇಡುವ ಬ್ಲಾಕುಗಳಲ್ಲಿ ಇದನ್ನು ಎತ್ತಿದ್ದು ಯಾವುದರಿಂದ? ನೋಡಿದೆ. ತೊಂಬತ್ತು ಡಿಗ್ರಿಯದರಿಂದ. ಪಕ್ಕದ್ದು ಐವತ್ತಾರರದು. ಐವತ್ತಾರರಲ್ಲಿ ಎನ್‌ಜೈಮ್ ನಿಧಾನವಾಗಿ ಮೇಯುತ್ತದೆ, ತೊಂಬತ್ತರಲ್ಲಿ ನಿಮಿಷಗಳಲ್ಲೇ ಸಾಯುತ್ತದೆ. ಹನ್ನೊಂದನ್ನು ಸರಿಯಾಗಿಟ್ಟ ಕೈ ಇದೊಂದನ್ನು —

11 ಗಂಟೆ. ಅಳೆದೆ. ಏನೂ ಇಲ್ಲ. ಹೊಸ ಎನ್‌ಜೈಮ್ ಹಾಕಿಯೂ ಪ್ರಯೋಜನವಿಲ್ಲ. ಅಷ್ಟು ಹೊತ್ತು ಬೆಂದ ಡಿಎನ್ಎ ಪುಡಿಪುಡಿ.

ಅಕ್ಕನ ಅರ್ಧ ಹೋಯಿತು.

ಮಾರ್ಚ್ 5

ಗುಬ್ಬಿಯ ಫೋನ್. "ಚಿಕ್ಕಮ್ಮ, ಏನಾಯ್ತು?"

"ನಡೀತಾ ಇದೆ ಕಣೆ. ಇದೇನು ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಗೋ ಕೆಲಸಾನಾ?"

ಸುಳ್ಳು ಎಷ್ಟು ಸಲೀಸು.

ಮಾರ್ಚ್ 9, ಭಾನುವಾರ

ಭಾವ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತರು. ಕಾಫಿ ಆರಿಹೋಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅವರೇ, ಆದರೂ ಕೇಳಿದರು:

"ಅವಳದ್ದು… ಇನ್ನೂ ಅಲ್ಲಿದೆಯಾ?"

"ಇದೆ ಭಾವ."

"ಎಷ್ಟು?"

"ಉಗುರಿನಷ್ಟು."

ಭಾವ ತಮ್ಮ ಕಿರುಬೆರಳಿನ ಉಗುರು ನೋಡಿಕೊಂಡರು.

"ಎಲ್ಲಾ ಹೋಯ್ತು ಅಂದ್ಕೊಂಡಿದ್ದೆ. ಜೋಪಾನವಾಗಿ ನೋಡ್ಕೊ," ಅಂದರು.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತೇ ಇದ್ದೆ. ಏನು ಮಾಡಲು ಹೋಗಿದ್ದೆನೋ ನೆನಪಾಗಲಿಲ್ಲ.

ಮಾರ್ಚ್ 10

ಮೇಡಂಗೆ ಎಲ್ಲ ಹೇಳಿದೆ. ಅಕ್ಕ ಅಂತಲೂ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪ್ಪು ಬ್ಲಾಕಲ್ಲಿಟ್ಟಿದ್ದು ಕೈ. ಮುಚ್ಚಿಟ್ಟಿದ್ದು ತಲೆ. ಕೈಯನ್ನ ಕ್ಷಮಿಸ್ತೀನಿ."

ತಿಂಗಳ ಮಟ್ಟಿಗೆ ನನಗೆ ರಿಪೋರ್ಟ್ ಟೈಪಿಂಗ್.

"ಉಳಿದಿದ್ದನ್ನ ನಾನೇ ಮಾಡ್ತೀನಿ. ನೀನು ಈ ಬಾಗಿಲು ದಾಟಬೇಡ."

ಸಂಜೆ ಗುಬ್ಬಿಗೂ ಹೇಳಿದೆ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 13

ಮೂರನೆಯ ದಿನ. ದಿನಾ ಬೆಳಿಗ್ಗೆ ಮೇಡಂ ತಾಜಾ ಎನ್‌ಜೈಮ್ ಸೇರಿಸುತ್ತಾರೆ. ಹಳೆಯ ಚೂರು, ಬಿಗಿದ ಗಂಟು, ಅವಸರಕ್ಕೆ ಬಿಚ್ಚುವುದಿಲ್ಲ. ನಾನು ಗಾಜಿನ ಹೊರಗೆ, ಕಾಲು ಸುಟ್ಟ ಬೆಕ್ಕು. ಟೈಪ್ ಮಾಡಿದ್ದರಲ್ಲಿ ಒಂದೇ ಹೆಸರನ್ನು ಮೂರು ಸಲ ತಪ್ಪು ಹೊಡೆದೆ.

4:10. ಮೇಡಂ ಟ್ಯೂಬನ್ನು ಬೆಳಕಿಗೆ ಹಿಡಿದು ನನ್ನತ್ತ ತಿರುಗಿಸಿದರು. ಒಳಗೆ ಏನೂ ಕಾಣಲಿಲ್ಲ. ಏನೂ ಕಾಣದ್ದಕ್ಕೆ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಏಪ್ರಿಲ್ 2

ದೋಷ ಸಿಕ್ಕಿದೆ. ಅಕ್ಕನಿಗೆ ಅದು ಹುಟ್ಟಿನಿಂದಲೇ ಇದ್ದಿರಬೇಕು ಎನ್ನುತ್ತಾರೆ ಡಾಕ್ಟರು. ಗುಬ್ಬಿ ರಕ್ತ ಕೊಟ್ಟಳು. ಅರ್ಧಕ್ಕರ್ಧ ಸಾಧ್ಯತೆ.

ಏಪ್ರಿಲ್ 24

ಇಲ್ಲ. ಗುಬ್ಬಿಗೆ ಇಲ್ಲ!

ನಗುತ್ತಾ ಅತ್ತಳು. ಭಾವ ಫೋನಿನಲ್ಲಿ "ಇನ್ನೊಂದ್ಸಲ ಹೇಳು" ಅಂದರು, ಎರಡೆರಡು ಸಲ. ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತೆವು. ಗುಬ್ಬಿ ಮೂಗು ಒರೆಸಿಕೊಂಡು ಕೇಳಿದಳು, "ಚಿಕ್ಕಮ್ಮ, ನಿಂದು ಯಾವಾಗ ಬರುತ್ತೆ?"

"ನಂದೇನು?"

"ರಿಪೋರ್ಟು. ಅಮ್ಮನಿಗೆ ಇತ್ತು ಅಂದ್ರೆ ನಿಂಗೂ…"

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ದೀಯಾ?"

ಮಾತು ಮರೆಸಲು ನೋಡಿದೆ. ಅವಳು ಬಿಡಲಿಲ್ಲ. ಅಮ್ಮನದೇ ಹಟ. "ಎಂಟು ವರ್ಷದಿಂದ ನನ್ನ ತಾಯಿ ನೀನು. ನಂಗೊಂದು ನ್ಯಾಯ, ನಿಂಗೊಂದಾ?"

ಮನೆಗೆ ಬಂದು ಈ ನೋಟ್‌ಬುಕ್ಕಿನ ಹಾಳೆ ತಿರುವಿದೆ. ಟ್ಯೂಬು, ಡಿಗ್ರಿ, ಗುಬ್ಬಿ, ಭಾವ. ನನ್ನ ಬಗ್ಗೆ ಒಂದು ಸಾಲಿಲ್ಲ. ಮರೆತದ್ದಲ್ಲ. ಬೆಳಿಗ್ಗೆ ಸ್ನಾನ ಮಾಡುವಾಗ ದಿನಾ ಬೆರಳು ಎದೆ ತಡಕುತ್ತದೆ. ಬರೆದರೆ ನಿಜವಾದೀತೆಂದು ಬರೆಯಲಿಲ್ಲ.

ಏಪ್ರಿಲ್ 25, ಬೆಳಿಗ್ಗೆ 9:40

ರಕ್ತ ತೆಗೆಯುವ ಕೋಣೆ. ಗುಬ್ಬಿ ನನ್ನ ಚೀಲ ಹಿಡಿದು ಪಕ್ಕದಲ್ಲಿ. ಓಡಿಹೋಗದಂತೆ ಕಾವಲು. ಎಷ್ಟೋ ಸಾವಿರ ಟ್ಯೂಬಿಗೆ ನಂಬರ್ ಅಂಟಿಸಿದವಳು ನಾನು, ನನ್ನ ನಂಬರ್ ಓದಲು ಆಗುತ್ತಿಲ್ಲ.

"ಹೆದರ್ಕೋಬೇಡ," ಅನ್ನುತ್ತಿದ್ದಾಳೆ ಗುಬ್ಬಿ. ಅವಳ ಕೈಯೇ ತಣ್ಣಗಿದೆ.

ನರ್ಸ್ ಎಡತೋಳು ತಟ್ಟಿ ನೋಡಿದಳು. ನರ ಸಿಗಲಿಲ್ಲ. ಬಲಗೈ ಕೊಡಬೇಕಂತೆ, ಬರೆಯುತ್ತಿರುವ ಕೈ. ಇದೊಂದು ಸಾಲು ಮುಗಿಸುತ್ತೇನೆ ಅಂದೆ. ಗುಬ್ಬಿ ಪೆನ್ನಿಗೇ ಕೈ ಹಾಕಿ —